ಹಳೆಯ ಸ್ಯಾಂಡರ್ ರಿಪೇರಿ ಮಾಡಿಸುವುದೋ, ಹೊಸದು ಕೊಳ್ಳುವುದೋ?

ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರದಲ್ಲಿ ವಾಣಿಜ್ಯ ವಿಭಾಗದ ನಾವೆಲ್ಲ ಸವಕಳಿಯ ಪಾಠ ಓದಿದ್ದೇವೆ. ಯಂತ್ರ ಕೊಂಡ ಬೆಲೆ, ಬಾಳಿಕೆಯ ವರ್ಷ, ಗುಜರಿ ಮೌಲ್ಯ ಎಲ್ಲವನ್ನೂ ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ. ಸೂತ್ರ ಹಾಕಿದರೆ ಉತ್ತರ ಬರುತ್ತದೆ. ಆದರೆ ಒಂದು ಪ್ರಶ್ನೆಯನ್ನು ಆ ಪಾಠ ಕೇಳುವುದಿಲ್ಲ: ಇನ್ನೂ ಓಡುತ್ತಿರುವ ಹಳೆಯ ಯಂತ್ರವನ್ನು ಯಾವಾಗ ಕೈಬಿಡಬೇಕು?

ಈ ವರ್ಷ ನಮ್ಮ ಮನೆಯಲ್ಲಿ ಎರಡು ವಾರ ಚರ್ಚೆಯಾದದ್ದು ಇದೇ ಪ್ರಶ್ನೆ. ಶಿವಮೊಗ್ಗದಲ್ಲಿ ನಮ್ಮ ಅಬ್ಬಾ ಮತ್ತು ಚಾಚಾ ಸೇರಿ ಒಂದು ಸಣ್ಣ ಮರಗೆಲಸದ ವರ್ಕ್‌ಶಾಪ್ ನಡೆಸುತ್ತಾರೆ. ಬಾಗಿಲು, ಮಂಚ, ಡೈನಿಂಗ್ ಟೇಬಲ್ ಅವರ ಮುಖ್ಯ ಕೆಲಸ. ದಿನಗೂಲಿಯ ಸಹಾಯಕರೊಬ್ಬರಿದ್ದಾರೆ. ಅಲ್ಲಿರುವ ಸ್ಯಾಂಡರ್‌ಗೆ, ಅಂದರೆ ಮರ ಉಜ್ಜಿ ನುಣುಪು ಮಾಡುವ ಮಷಿನ್‌ಗೆ, ಈಗ 12 ವರ್ಷ. ಅದನ್ನು ರಿಪೇರಿ ಮಾಡಿಸಬೇಕೋ, ಹೊಸ ಮಾದರಿಯದು ತರಬೇಕೋ ಎಂದು ಲೆಕ್ಕ ಹಾಕುವ ಕೆಲಸ ಕಾಮರ್ಸ್ ಓದುವ ನನ್ನ ಪಾಲಿಗೆ ಬಂತು. ಮೊಬೈಲ್, ಮಿಕ್ಸಿ, ಹೊಲಿಗೆ ಮಷಿನ್, ಬೈಕ್ ಯಾವುದಕ್ಕೂ ಇದೇ ದಾರಿ ಹಿಡಿಯಬಹುದು ಎಂಬ ಕಾರಣಕ್ಕೆ ಆ ಲೆಕ್ಕವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಎರಡು ಮಷಿನ್‌ಗಳ ನಡುವಿನ ವ್ಯತ್ಯಾಸ

ಮೊದಲು ವಸ್ತು ಅರ್ಥವಾಗಬೇಕು, ಆಮೇಲೆ ಲೆಕ್ಕ. ಮರಕ್ಕೆ ಪಾಲಿಶ್ ಹಾಕುವ ಮೊದಲು ಅದನ್ನು ಉಪ್ಪು ಕಾಗದದಿಂದ ಉಜ್ಜಬೇಕು. ನಮ್ಮ ಮನೆಯ ಉರ್ದುವಿನಲ್ಲಿ ಅದಕ್ಕೆ ರೇಗ್‌ಮಾಲ್ ಎನ್ನುತ್ತಾರೆ. ರೇಗ್ ಎಂದರೆ ಮರಳು, ಮಾಲ್ ಎಂದರೆ ಉಜ್ಜುವುದು. ಕಾಗದದ ಹಿಂದೆ 80, 120, 180, 220 ಎಂದು ಸಂಖ್ಯೆ ಬರೆದಿರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಕಾಳು ದಪ್ಪ, ದೊಡ್ಡದಾದಷ್ಟೂ ನಯ. ದಪ್ಪದಿಂದ ಶುರುಮಾಡಿ ಹಂತಹಂತವಾಗಿ ನಯದ ಕಾಗದಕ್ಕೆ ಬರಬೇಕು. ನಡುವಿನ ಹಂತ ಬಿಟ್ಟರೆ ಹಿಂದಿನ ಗೀರು ಹಾಗೇ ಉಳಿದು, ಪಾಲಿಶ್ ಹಾಕಿದ ಮೇಲೆ ಎದ್ದು ಕಾಣುತ್ತದೆ.

ನಮ್ಮ ಹಳೆಯ ಸ್ಯಾಂಡರ್ ಆಯತಾಕಾರದ್ದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾಗದದ ಹಾಳೆ 9 ಇಂಚು ಅಗಲ, 11 ಇಂಚು ಉದ್ದ ಇರುತ್ತದೆ. ಅದನ್ನು ಮೂರು ತುಂಡು ಮಾಡಿ, ಒಂದು ತುಂಡನ್ನು ಎರಡೂ ತುದಿಯ ಕ್ಲಿಪ್‌ಗೆ ಸಿಕ್ಕಿಸಬೇಕು. ಸ್ವಿಚ್ ಒತ್ತಿದರೆ ತಳದ ಪ್ಯಾಡ್ ಬಹಳ ಸಣ್ಣ ಸುತ್ತಿನಲ್ಲಿ ಅಲುಗಾಡುತ್ತದೆ. ಎಲ್ಲ ಕಾಳುಗಳೂ ಅದೇ ಸುತ್ತನ್ನೇ ಮತ್ತೆ ಮತ್ತೆ ಸುತ್ತುವುದರಿಂದ ಕೆಲಸ ನಿಧಾನ. ಪುಡಿ ಕಾಗದದ ಕೆಳಗೇ ಸಿಕ್ಕಿಕೊಂಡು ಕಾಗದ ಬೇಗ ಮುಚ್ಚಿಹೋಗುತ್ತದೆ. ತೇಗದಂಥ ಎಣ್ಣೆಯಂಶದ ಮರದಲ್ಲಿ ಇದು ಇನ್ನೂ ಹೆಚ್ಚು.

ಹೊಸ ಮಾದರಿಯನ್ನು ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್ ಎನ್ನುತ್ತಾರೆ. ಇದರ ಪ್ಯಾಡ್ ದುಂಡಗಿರುತ್ತದೆ. ಹೆಚ್ಚಾಗಿ ಬಳಸುವುದು 5 ಇಂಚಿನದು, ಅಂದರೆ 125 ಮಿ.ಮೀ. ಇದರಲ್ಲಿ ಚಲನೆ ಎರಡು. ಮೋಟಾರಿನ ತುದಿ ನಡುವಿನಿಂದ ಸ್ವಲ್ಪ ಸರಿದಿರುವುದರಿಂದ ಪ್ಯಾಡ್ ಸಣ್ಣ ಸುತ್ತು ಹೊಡೆಯುತ್ತದೆ. ಜೊತೆಗೆ ಒಂದು ಬೇರಿಂಗಿನ ಮೇಲೆ ಸ್ವತಂತ್ರವಾಗಿ ತಿರುಗುತ್ತಲೂ ಇರುತ್ತದೆ. ಹೀಗಾಗಿ ಒಂದು ಕಾಳು ಹೋದ ದಾರಿಯಲ್ಲೇ ಮತ್ತೆ ಹೋಗುವುದು ಅಪರೂಪ. ಮರ ಬೇಗ ಸವೆಯುತ್ತದೆ, ಗೀರು ಕಡಿಮೆ ಕಾಣುತ್ತದೆ. ಕಾಗದ ದುಂಡಗಿನ ಡಿಸ್ಕ್. ಚಪ್ಪಲಿ, ಬ್ಯಾಗುಗಳಲ್ಲಿರುವ ವೆಲ್ಕ್ರೋದಂತೆ ತಳಕ್ಕೆ ಅಂಟಿಕೊಳ್ಳುತ್ತದೆ. ಡಿಸ್ಕಿನಲ್ಲಿ ತೂತುಗಳಿದ್ದು, ಪುಡಿ ಅದರ ಮೂಲಕ ಮೇಲೆಳೆದುಕೊಂಡು ಚೀಲಕ್ಕೆ ಹೋಗುತ್ತದೆ.

ಹೊಸದು ಎಲ್ಲದರಲ್ಲೂ ಮೇಲು ಎಂದೇನಿಲ್ಲ. ದುಂಡಗಿನ ಪ್ಯಾಡ್ ಒಳಮೂಲೆಗೆ ಹೋಗುವುದಿಲ್ಲ. ಚೌಕಟ್ಟಿನ ಕೋನ, ಡ್ರಾಯರಿನ ಒಳಬದಿ ಇವಕ್ಕೆ ಹಳೆಯ ಆಯತದ ಪ್ಯಾಡೇ ಸರಿ. ಡಿಸ್ಕಿನ ಬೆಲೆಯೂ ಹೆಚ್ಚು. ಕಾಗದದ ತುಂಡು ಕತ್ತರಿಸಿದಷ್ಟು ಅಗ್ಗದಲ್ಲಿ ಡಿಸ್ಕ್ ಸಿಗುವುದಿಲ್ಲ.

ಯಾವುದು ಮಾಮೂಲಿ ಸವೆತ, ಯಾವುದು ದೊಡ್ಡ ಕೆಡುಕು

ಮಷಿನ್ ನಿಂತಿತು ಎಂದ ಮಾತ್ರಕ್ಕೆ ಅದರ ಆಯಸ್ಸು ಮುಗಿಯಿತು ಎಂದಲ್ಲ. ರಿಪೇರಿ ಅಂಗಡಿಯವರ ಬಳಿ ಕುಳಿತು ನಾನು ಕೇಳಿ ತಿಳಿದುಕೊಂಡ ವಿಷಯ ಇದು.

ಇಂಥ ಮಷಿನ್‌ಗಳ ಮೋಟಾರಿನಲ್ಲಿ ಆರ್ಮೇಚರ್ ಎಂಬ ತಿರುಗುವ ಭಾಗವಿರುತ್ತದೆ. ಅದಕ್ಕೆ ತಂತಿ ಸುತ್ತಿರುತ್ತಾರೆ. ಅದರ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳಿರುವ ಉಂಗುರವಿದೆ, ಅದೇ ಕಮ್ಯುಟೇಟರ್. ಎರಡು ಕಡೆಯಿಂದ ಸ್ಪ್ರಿಂಗ್ ಒತ್ತಿ ಹಿಡಿದ ಕಾರ್ಬನ್ ತುಂಡುಗಳು ಆ ಉಂಗುರಕ್ಕೆ ತಾಗಿಕೊಂಡು ಕರೆಂಟ್ ಕೊಡುತ್ತವೆ. ಕಾರ್ಬನ್ ಸವೆಯಲೆಂದೇ ಇರುವುದು. ದುಬಾರಿ ತಾಮ್ರದ ಬದಲು ಅಗ್ಗದ ಕಾರ್ಬನ್ ಸವೆಯಲಿ ಎಂಬುದು ಅದರ ಉದ್ದೇಶ. ಆದ್ದರಿಂದ ಕಾರ್ಬನ್ ಬದಲಿಸುವುದು, ವೈರ್ ಬದಲಿಸುವುದು, ತಳದ ರಬ್ಬರ್ ಪ್ಯಾಡ್ ಬದಲಿಸುವುದು ಇವೆಲ್ಲ ಸೈಕಲ್‌ಗೆ ಟೈರ್ ಹಾಕಿಸಿದ ಹಾಗೆ. ಇವುಗಳಿಗಾಗಿ ಯಾರೂ ಮಷಿನ್ ಎಸೆಯಬಾರದು.

ಹೊಸ ಕಾರ್ಬನ್ ಹಾಕಿದ ಕೆಲವೇ ವಾರಗಳಲ್ಲಿ ಮತ್ತೆ ಸವೆದುಹೋಗುತ್ತಿದ್ದರೆ ಮಾತ್ರ ಯೋಚಿಸಬೇಕು. ಕಮ್ಯುಟೇಟರಿನ ಮೇಲೆ ಗೆರೆ ಬಿದ್ದು ಒರಟಾಗಿದೆ ಎಂಬುದಕ್ಕೆ ಅದು ಗುರುತು. ಉಂಗುರದ ಸುತ್ತ ಬೆಂಕಿಯ ಬಳೆಯಂತೆ ಕಿಡಿ ಕಾಣಿಸಿದರೆ ಆರ್ಮೇಚರಿನ ಸುತ್ತು ಒಳಗೇ ಸುಟ್ಟಿರುವ ಸಾಧ್ಯತೆ ಹೆಚ್ಚು. ಪ್ಲಗ್ ತೆಗೆದು ಪ್ಯಾಡನ್ನು ಕೈಯಿಂದ ಅಲ್ಲಾಡಿಸಿದಾಗ ಅದು ಲೊಡಲೊಡ ಎಂದರೆ ಬೇರಿಂಗ್ ಹೋಗಿದೆ. ನಮ್ಮ ಸ್ಯಾಂಡರಿನಲ್ಲಿ ಈ ಮೂರೂ ಗುರುತುಗಳಿದ್ದವು. ಅರ್ಧ ಗಂಟೆ ಓಡಿಸಿದರೆ ಹಿಡಿಯಲಾರದಷ್ಟು ಬಿಸಿಯಾಗುತ್ತಿತ್ತು. ಆರ್ಮೇಚರ್ ವೈಂಡಿಂಗಿಗೆ 1,400, ಬೇರಿಂಗಿಗೆ 300, ಪ್ಯಾಡಿಗೆ 250, ಒಟ್ಟು 1,950 ರೂಪಾಯಿ ಎಂದು ಅಂಗಡಿಯವರು ಲೆಕ್ಕ ಕೊಟ್ಟರು. ಹೊಸ ಸ್ಯಾಂಡರ್ ಕೇಳಿದಾಗ ತೆರಿಗೆ ಸೇರಿ 5,900 ಎಂದರು.

ಇಲ್ಲಿ ಜಿಎಸ್‌ಟಿಯ ಒಂದು ಮಾತು. ಮೂಲ ಬೆಲೆ 5,000, ಅದರ ಮೇಲೆ 18 ಶೇಕಡಾದಂತೆ ತೆರಿಗೆ 900. ಜಿಎಸ್‌ಟಿಯಲ್ಲಿ ಸಾಮಾನ್ಯ ನೋಂದಣಿ ಇರುವವರು ವ್ಯಾಪಾರಕ್ಕಾಗಿ ಕೊಂಡರೆ ಈ 900ನ್ನು ಹೂಡುವಳಿ ತೆರಿಗೆಯಾಗಿ ಕಳೆದುಕೊಳ್ಳಬಹುದು. ಅವರಿಗೆ ನಿಜವಾದ ವೆಚ್ಚ 5,000. ನೋಂದಣಿ ಇಲ್ಲದ ನಮ್ಮಂಥ ಸಣ್ಣವರಿಗೂ, ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೂ ಆ ಅನುಕೂಲವಿಲ್ಲ. ನಮ್ಮ ಪಾಲಿಗೆ ಪೂರ್ತಿ 5,900 ವೆಚ್ಚವೇ.

ಹೋದ ದುಡ್ಡನ್ನು ಲೆಕ್ಕದಿಂದ ಹೊರಗಿಡಿ

ಚರ್ಚೆಯಲ್ಲಿ ಚಾಚಾ ಹೇಳಿದ ಮಾತು ಇದು: “ಭಾಯಿಜಾನ್, ಹೋದ ವರ್ಷ ತಾನೇ ಸ್ವಿಚ್ಚು, ವೈರು, ಕಾರ್ಬನ್ ಅಂತ 900 ರೂಪಾಯಿ ಹಾಕಿದ್ದೀವಿ. ಈಗ ಮೂಲೆಗಿಟ್ಟರೆ ಅದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಲ್ಲವೇ?”

ಕೇಳಲು ಸರಿ ಎನಿಸುತ್ತದೆ. ಆದರೆ ವಾಣಿಜ್ಯದಲ್ಲಿ ಇದಕ್ಕೆ ಮುಳುಗಿದ ವೆಚ್ಚ ಎಂಬ ಹೆಸರಿದೆ. ರಿಪೇರಿ ಮಾಡಿಸಿದರೂ ಆ 900 ವಾಪಸ್ ಬರುವುದಿಲ್ಲ, ಹೊಸದು ಕೊಂಡರೂ ಬರುವುದಿಲ್ಲ. ಎರಡೂ ದಾರಿಯಲ್ಲಿ ಒಂದೇ ಆಗಿರುವ ಮೊತ್ತ ಆಯ್ಕೆಗೆ ಸಹಾಯ ಮಾಡಲಾರದು. ಆದ್ದರಿಂದ ಅದನ್ನು ಎರಡೂ ಕಡೆಯಿಂದ ಹೊಡೆದುಹಾಕಬೇಕು.

ಪುಸ್ತಕ ಮೌಲ್ಯವೂ ಹಾಗೆಯೇ. ಈ ಸ್ಯಾಂಡರಿಗೆ 12 ವರ್ಷದ ಹಿಂದೆ 4,000 ರೂಪಾಯಿ ಕೊಟ್ಟಿದ್ದರು. ಬಾಳಿಕೆ 10 ವರ್ಷ ಎಂದು ಸ್ಥಿರ ಕಂತಿನ ಪದ್ಧತಿಯಲ್ಲಿ ವರ್ಷಕ್ಕೆ 400ರಂತೆ ಕಳೆದರೆ ಅದರ ಮೌಲ್ಯ ಎರಡು ವರ್ಷದ ಹಿಂದೆಯೇ ಸೊನ್ನೆ. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗಿರುವ 15 ಶೇಕಡಾ ದರದಲ್ಲಿ, ಇಳಿಯುವ ಬಾಕಿ ಪದ್ಧತಿಯಂತೆ ಕಳೆದರೆ ಮೊದಲ ವರ್ಷ 600, ಎರಡನೆಯ ವರ್ಷ 510, ಹೀಗೆ ಇಳಿಯುತ್ತಾ 12 ವರ್ಷದ ನಂತರ ಸುಮಾರು 569 ರೂಪಾಯಿ ಉಳಿಯುತ್ತದೆ. ಒಂದೇ ಮಷಿನ್, ಒಂದು ಪುಸ್ತಕದಲ್ಲಿ ಸೊನ್ನೆ, ಇನ್ನೊಂದರಲ್ಲಿ 569. ಮಷಿನ್‌ಗೆ ಇದೊಂದೂ ಗೊತ್ತಿಲ್ಲ, ಅದು ಓಡುತ್ತಲೇ ಇರುತ್ತದೆ. ಸವಕಳಿ ಎಂದರೆ ಹಿಂದೆ ಕೊಟ್ಟ ಬೆಲೆಯನ್ನು ವರ್ಷಗಳಿಗೆ ಹಂಚುವ ಕ್ರಮ. ಮುಂದೇನು ಮಾಡಬೇಕು ಎಂಬುದನ್ನು ಅದು ಹೇಳುವುದಿಲ್ಲ. ಇವತ್ತು ಅದನ್ನು ಮಾರಿದರೆ ಎಷ್ಟು ಬರುತ್ತದೆ ಎಂಬುದು ಮಾತ್ರ ನಮಗೆ ಬೇಕಾದ ಸಂಖ್ಯೆ. ಅಂಗಡಿಯವರು ಎಕ್ಸ್‌ಚೇಂಜಿಗೆ 300 ಎಂದರು.

ಮುಂದಿನ ವರ್ಷದ ಖರ್ಚು

ಹಿಂದಿನದನ್ನು ಬಿಟ್ಟ ಮೇಲೆ ಉಳಿಯುವುದು ಒಂದೇ ಪ್ರಶ್ನೆ: ಇನ್ನು ಮುಂದೆ ಯಾವ ದಾರಿಯಲ್ಲಿ ವರ್ಷಕ್ಕೆ ಎಷ್ಟು ಖರ್ಚು? ನಮ್ಮಲ್ಲಿ ಸ್ಯಾಂಡರ್ ವರ್ಷದಲ್ಲಿ ಸುಮಾರು 150 ದಿನ ಓಡುತ್ತದೆ. ಕೆಳಗಿನವು ನಮ್ಮ ವರ್ಕ್‌ಶಾಪಿನ ಸಂಖ್ಯೆಗಳು. ನಿಮ್ಮಲ್ಲಿ ಬೆಲೆ ಬೇರೆ ಇರಬಹುದು, ಕ್ರಮ ಮಾತ್ರ ಇದೇ.

ಮೊದಲನೆಯದು ಮಷಿನ್. ರಿಪೇರಿಯಾದ ಹಳೆಯದು ಒಂದೂವರೆ ವರ್ಷ ಬರಬಹುದು ಎಂದು ಅಬ್ಬಾರ ಅಂದಾಜು. 1,950ನ್ನು ಒಂದೂವರೆಯಿಂದ ಭಾಗಿಸಿದರೆ ವರ್ಷಕ್ಕೆ 1,300. ಹೊಸದು 6 ವರ್ಷ ಬರುತ್ತದೆ ಎಂದು ಹಿಡಿದರೆ ವರ್ಷಕ್ಕೆ ಸುಮಾರು 983. ಕಡಿಮೆ ದುಡ್ಡಿನ ರಿಪೇರಿ ವರ್ಷದ ಲೆಕ್ಕಕ್ಕೆ ಬಂದಾಗ ದುಬಾರಿ.

ಎರಡನೆಯದು ಕಾಗದ. ಹಳೆಯದಕ್ಕೆ ದಿನಕ್ಕೆ 14 ರೂಪಾಯಿಯ 2 ಹಾಳೆ, ಅಂದರೆ 28 ರೂಪಾಯಿ. 150 ದಿನಕ್ಕೆ 4,200. ಹೊಸದಕ್ಕೆ 13 ರೂಪಾಯಿಯ ಡಿಸ್ಕ್ ದಿನಕ್ಕೆ 3, ಅಂದರೆ 39, ವರ್ಷಕ್ಕೆ 5,850. ನೋಡಿ, ಮಷಿನ್‌ಗಿಂತ ಅದು ತಿನ್ನುವ ಕಾಗದವೇ ದುಬಾರಿ. ಅಂಗಡಿಗೆ ಹೋದಾಗ ನಾವೆಲ್ಲ ಮಷಿನ್ ಬೆಲೆ ಚೌಕಾಸಿ ಮಾಡುತ್ತೇವೆ, ಡಿಸ್ಕಿನ ಬೆಲೆ ಕೇಳುವುದಿಲ್ಲ. ಪ್ರಿಂಟರ್ ಕೊಳ್ಳುವಾಗ ಇಂಕಿನ ಬೆಲೆ ಕೇಳದ ಹಾಗೆ.

ಮೂರನೆಯದು ಕರೆಂಟ್. ಹಳೆಯದು 180 ವ್ಯಾಟ್, ಹೊಸದು 300 ವ್ಯಾಟ್. ಕೇಳಿದ ಕೂಡಲೇ ಬಿಲ್ ಏರುತ್ತದೆ ಎಂದು ಚಾಚಾ ಹೆದರಿದರು. 1,000 ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಹಳೆಯದು ದಿನಕ್ಕೆ 4 ಗಂಟೆ ಓಡಿದರೆ 0.72 ಯೂನಿಟ್. ಅದೇ ಕೆಲಸವನ್ನು ಹೊಸದು 3 ಗಂಟೆಯಲ್ಲಿ ಮುಗಿಸಿದರೆ 0.9 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 864 ಮತ್ತು 1,080. ವ್ಯತ್ಯಾಸ 216 ರೂಪಾಯಿ, ತಿಂಗಳಿಗೆ 18. ಇದು ತೀರ್ಮಾನ ಬದಲಿಸುವ ಮೊತ್ತವಲ್ಲ.

ಮೂರನ್ನೂ ಕೂಡಿಸಿದರೆ ಹಳೆಯ ದಾರಿಯಲ್ಲಿ ವರ್ಷಕ್ಕೆ 6,364, ಹೊಸ ದಾರಿಯಲ್ಲಿ 7,913. ಅಂದರೆ ಹೊಸದು 1,549 ರೂಪಾಯಿ ಹೆಚ್ಚು ಖರ್ಚಿನದು! ಇಲ್ಲಿಗೆ ನಿಲ್ಲಿಸಿದ್ದರೆ ಚಾಚಾ ಗೆದ್ದಿರುತ್ತಿದ್ದರು.

ಉಳಿದ ಹೊತ್ತು ಯಾವಾಗ ದುಡ್ಡಾಗುತ್ತದೆ?

ಹೊಸದು ಬೇಗ ಕೆಲಸ ಮಾಡುತ್ತದೆ ಎಂಬುದು ಜಾಹೀರಾತಿನ ಮಾತು. ನಾವು ಅದನ್ನು ಅಳೆದು ನೋಡಿದೆವು. ಪರಿಚಯದವರ ವರ್ಕ್‌ಶಾಪಿನಿಂದ ಒಂದು ದಿನದ ಮಟ್ಟಿಗೆ ಅದೇ ಮಾದರಿಯ ಸ್ಯಾಂಡರ್ ತಂದೆವು. ಒಂದೇ ಮರದ, ಒಂದೇ ಅಳತೆಯ ಎರಡು ಬಾಗಿಲು. ಅದೇ ಸಂಖ್ಯೆಯ ಕಾಗದಗಳು. ಎರಡನ್ನೂ ಉಜ್ಜಿದ್ದು ಅಬ್ಬಾ ಒಬ್ಬರೇ. ನಾನು ಮೊಬೈಲಿನಲ್ಲಿ ಸಮಯ ಹಿಡಿದೆ. ಹಳೆಯದಕ್ಕೆ 40 ನಿಮಿಷ, ಹೊಸದಕ್ಕೆ 30 ನಿಮಿಷ. ಮರ, ಕಾಗದ, ಕೈ ಮೂರೂ ಒಂದೇ ಇದ್ದುದರಿಂದ ವ್ಯತ್ಯಾಸ ಮಷಿನ್‌ನದೇ ಎಂದು ಹೇಳಬಹುದು. ಮೇಲಿನ 4 ಗಂಟೆ, 3 ಗಂಟೆಯ ಲೆಕ್ಕ ಬಂದದ್ದು ಇದರಿಂದಲೇ.

ದಿನಕ್ಕೆ ಒಂದು ಗಂಟೆ ಉಳಿದರೆ 150 ದಿನಕ್ಕೆ 150 ಗಂಟೆ. ಸಹಾಯಕರ ಕೂಲಿ 8 ಗಂಟೆಗೆ 640, ಅಂದರೆ ಗಂಟೆಗೆ 80. ಹಾಗಾದರೆ ವರ್ಷಕ್ಕೆ 12,000 ರೂಪಾಯಿ ಉಳಿತಾಯ! ಕಾಗದದ ಮೇಲೆ ಸುಂದರವಾದ ಸಂಖ್ಯೆ. ಅಬ್ಬಾ ಅದನ್ನು ನೋಡಿ ಕೇಳಿದರು: “ಬೇಟಾ, ಒಂದು ಗಂಟೆ ಮೊದಲೇ ಕೆಲಸ ಮುಗಿದರೆ ನಾನು ಅವರಿಗೆ 80 ರೂಪಾಯಿ ಹಿಡಿದುಕೊಂಡು ಕೊಡುತ್ತೇನೆಯೇ?”

ಕೊಡುವುದಿಲ್ಲ. ದಿನಗೂಲಿ ದಿನಕ್ಕೇ ಹೊರತು ಗಂಟೆಗಲ್ಲ. ಆರ್ಡರ್ ಕಡಿಮೆ ಇರುವ ಮಳೆಗಾಲದಲ್ಲಿ ಒಂದು ಗಂಟೆ ಉಳಿದರೆ ಆ ಹೊತ್ತು ಚಹಾ ಕುಡಿಯುವುದರಲ್ಲಿ ಕಳೆಯುತ್ತದೆ. ಅದು ಒಳ್ಳೆಯದೇ, ಆದರೆ ಗಲ್ಲಾಪೆಟ್ಟಿಗೆಗೆ ಬರುವುದಿಲ್ಲ. ಉಳಿದ ಹೊತ್ತು ದುಡ್ಡಾಗಬೇಕಾದರೆ ಆ ಹೊತ್ತಿಗೆ ಬೇರೆ ಕೆಲಸ ಕಾದಿರಬೇಕು, ಇಲ್ಲವೇ ಅದರಿಂದ ಒಂದು ನಿಜವಾದ ಪಾವತಿ ತಪ್ಪಬೇಕು.

ನಮ್ಮಲ್ಲಿ ಅಂಥ ಪಾವತಿ ಇರುವುದು ಮದುವೆ ಸೀಜನ್‌ನಲ್ಲಿ ಮಾತ್ರ. ಆಗ ಮಂಚಗಳ ಆರ್ಡರ್ ಒಟ್ಟಿಗೆ ಬಂದು, ಉಜ್ಜುವುದಕ್ಕೆಂದೇ ಹೊರಗಿನಿಂದ ಇನ್ನೊಬ್ಬರನ್ನು ಕರೆಸುತ್ತಾರೆ. ಸೀಜನ್‌ನಲ್ಲಿ ಸ್ಯಾಂಡರ್ ಓಡುವುದು ಸುಮಾರು 60 ದಿನ. ದಿನಕ್ಕೆ ಒಂದರಂತೆ 60 ಗಂಟೆ ಉಳಿದರೆ 8 ಗಂಟೆಯ ಏಳೂವರೆ ದಿನ. ಅರ್ಧ ದಿನ ಬಿಟ್ಟು 7 ದಿನ ಎಂದೇ ಹಿಡಿಯೋಣ. 640ರಂತೆ 4,480 ರೂಪಾಯಿ ನಿಜವಾಗಿ ಉಳಿಯುತ್ತದೆ. ಅದನ್ನು 7,913ರಿಂದ ಕಳೆದರೆ 3,433. ಹಳೆಯ ದಾರಿಯ 6,364ಕ್ಕೆ ಹೋಲಿಸಿದರೆ ವರ್ಷಕ್ಕೆ 2,931 ರೂಪಾಯಿ ಕಡಿಮೆ.

ಈ 7 ದಿನ ಎಂಬುದು ಅಂದಾಜು. ಅಂದಾಜು ಎಷ್ಟು ಸುಳ್ಳಾದರೂ ತೀರ್ಮಾನ ನಿಲ್ಲುತ್ತದೆ ಎಂದು ನೋಡುವುದು ಒಳ್ಳೆಯ ಅಭ್ಯಾಸ. ಹೊಸದರ ಹೆಚ್ಚುವರಿ ಖರ್ಚು 1,549. ಅದನ್ನು 640ರಿಂದ ಭಾಗಿಸಿದರೆ ಸುಮಾರು ಎರಡೂವರೆ. ಅಂದರೆ ಇಡೀ ಸೀಜನ್‌ನಲ್ಲಿ ಹೊರಗಿನವರ 3 ದಿನದ ಕೂಲಿ ತಪ್ಪಿದರೂ ಹೊಸದು ನಷ್ಟವಲ್ಲ. ವರ್ಷದಲ್ಲಿ ಒಂದು ದಿನವೂ ಹೆಚ್ಚಿನ ಆಳು ಕರೆಸದ ವರ್ಕ್‌ಶಾಪಾದರೆ ಉತ್ತರ ಉಲ್ಟಾ ಆಗುತ್ತದೆ, ಅವರಿಗೆ ರಿಪೇರಿಯೇ ಅಗ್ಗ. ಒಂದೇ ಮಷಿನ್, ಎರಡು ವರ್ಕ್‌ಶಾಪ್, ಎರಡು ಸರಿಯಾದ ಉತ್ತರ.

ಪುಸ್ತಕಕ್ಕೆ ಬಾರದ ಎರಡು ಬಾಬ್ತು

ದುಡ್ಡಿನ ಲೆಕ್ಕ ಇಲ್ಲಿಗೆ ಮುಗಿಯಿತು. ಆದರೆ ಜರ್ನಲ್‌ನಲ್ಲಿ ಜಮೆ, ಖರ್ಚು ಎಂದು ಬರೆಯಲಾಗದ ಎರಡು ಬಾಬ್ತುಗಳಿವೆ. ಒಂದು ಧೂಳು, ಇನ್ನೊಂದು ನಡುಕ.

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನ ಒಳಭಾಗ ಮತ್ತು ಅದರ ಸುತ್ತಲಿನ ಕುಹರಗಳ ಕ್ಯಾನ್ಸರಿಗೆ ಅದು ಕಾರಣವಾಗಬಲ್ಲದು. ನೆಲಕ್ಕೆ ಬೀಳುವ ದಪ್ಪ ಪುಡಿಗಿಂತ ಕಣ್ಣಿಗೆ ಕಾಣದೆ ಗಾಳಿಯಲ್ಲಿ ತೇಲುವ ನಯವಾದ ಪುಡಿ ಹೆಚ್ಚು ಒಳಗೆ ಹೋಗುತ್ತದೆ. ಸ್ಯಾಂಡರ್ ಮಾಡುವುದು ಅದನ್ನೇ. ಎಂಡಿಎಫ್ ಹಲಗೆಯಾದರೆ ಧೂಳಿನ ಜೊತೆಗೆ ಅದನ್ನು ಅಂಟಿಸಿದ ರಾಳವೂ ಸೇರಿರುತ್ತದೆ. ನಮ್ಮ ಹಳೆಯ ಸ್ಯಾಂಡರಿಗೆ ಧೂಳು ಹೀರುವ ವ್ಯವಸ್ಥೆಯೇ ಇಲ್ಲ. ಚಾಚಾರಿಗೆ ಸೀಜನ್‌ನಲ್ಲಿ ಶುರುವಾಗುವ ಕೆಮ್ಮು ಸೀಜನ್ ಮುಗಿದರೂ ಒಂದು ತಿಂಗಳು ಹೋಗುವುದಿಲ್ಲ.

ಹೊಸದರ ಚೀಲ ಎಲ್ಲವನ್ನೂ ಹಿಡಿಯುತ್ತದೆ ಎಂದಲ್ಲ. ದಪ್ಪ ಪುಡಿ ಚೀಲದಲ್ಲಿ ನಿಲ್ಲುತ್ತದೆ, ನಯವಾದದ್ದು ಸ್ವಲ್ಪ ಹೊರಬರುತ್ತದೆ. ಒಳ್ಳೆಯ ಫಿಲ್ಟರ್ ಇರುವ ವ್ಯಾಕ್ಯೂಮ್ ಜೋಡಿಸಿದರೆ ಇನ್ನೂ ಕಡಿಮೆಯಾಗುತ್ತದೆ. ಯಾವ ಮಷಿನ್ ಆದರೂ ಮಾಸ್ಕ್ ಬಿಡುವಂತಿಲ್ಲ. ಮೂಗಿಗೆ ಕಟ್ಟುವ ಟವೆಲ್ ನಯವಾದ ಪುಡಿಯನ್ನು ತಡೆಯುವುದಿಲ್ಲ. ಎನ್95 ಮಾಸ್ಕ್ ಪರೀಕ್ಷೆಯಲ್ಲಿ 0.3 ಮೈಕ್ರಾನಿನಷ್ಟು ಸಣ್ಣ ಕಣಗಳಲ್ಲಿ ಕನಿಷ್ಠ 95 ಶೇಕಡಾದಷ್ಟನ್ನು ತಡೆಯಬೇಕು, ಮುಖಕ್ಕೆ ಸರಿಯಾಗಿ ಕೂತರೆ ಮಾತ್ರ.

ಇನ್ನು ನಡುಕ. ಅಲುಗಾಡುವ ಮಷಿನ್ ವರ್ಷಗಟ್ಟಲೆ ಹಿಡಿದರೆ ಬೆರಳುಗಳ ನರ ಮತ್ತು ರಕ್ತನಾಳಗಳಿಗೆ ಪೆಟ್ಟಾಗುತ್ತದೆ. ಮೊದಲು ಜುಮ್ಮೆನ್ನುತ್ತದೆ, ಆಮೇಲೆ ಮರಗಟ್ಟುತ್ತದೆ, ಚಳಿಯಲ್ಲಿ ಬೆರಳು ಬಿಳಿಚಿಕೊಳ್ಳುತ್ತದೆ. ಮಿತಿ ಮೀರಿದ ಮೇಲೆ ಅದು ಪೂರ್ತಿ ವಾಸಿಯಾಗುವುದಿಲ್ಲ. ಯುರೋಪಿಯನ್ ಒಕ್ಕೂಟ 2002ರಲ್ಲಿ ಇದಕ್ಕೊಂದು ನಿಯಮ ಮಾಡಿತು. 8 ಗಂಟೆಯ ದಿನಕ್ಕೆ ಸರಾಸರಿ 2.5 ಮೀ/ಸೆ² ನಡುಕ ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು, 5 ಮೀ/ಸೆ² ದಾಟಲೇಬಾರದು. ಅದು ನಮ್ಮ ದೇಶದ ಕಾನೂನಲ್ಲ, ಆದರೆ ಅಳತೆಗೋಲಾಗಿ ಬಳಸಬಹುದು. ಒಳ್ಳೆಯ ಮಷಿನ್‌ಗಳ ಕೈಪಿಡಿಯಲ್ಲಿ ಈ ಸಂಖ್ಯೆ ಮುದ್ರಿಸಿರುತ್ತಾರೆ.

ಆ ನಿಯಮದ ಲೆಕ್ಕದಲ್ಲಿ 10 ಮೀ/ಸೆ² ನಡುಗುವ ಮಷಿನ್ ಅರ್ಧ ಗಂಟೆಯಲ್ಲೇ ಮೊದಲ ಮಿತಿ ಮುಟ್ಟುತ್ತದೆ. 5 ಮೀ/ಸೆ² ನಡುಗುವ ಮಷಿನ್ ಮುಟ್ಟುವುದು 2 ಗಂಟೆಗೆ. ನಡುಕ ಅರ್ಧವಾದರೆ ಹಿಡಿಯಬಹುದಾದ ಹೊತ್ತು ನಾಲ್ಕು ಪಟ್ಟು. ಬೇರಿಂಗ್ ಸವೆದ ಮಷಿನ್ ಹೊಸದಾಗಿದ್ದಾಗಿಗಿಂತ ಹೆಚ್ಚು ನಡುಗುತ್ತದೆ. ಅಬ್ಬಾ ಬೆಳಿಗ್ಗೆ ಎದ್ದು ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಾರೆ. ಚಳಿಗೆ ಹಾಗೆ ಹಿಡಿಯುತ್ತಾರೆ ಎಂದು ನಾವೆಲ್ಲ ತಿಳಿದಿದ್ದೆವು. ಬೆರಳು ಜುಮ್ಮೆನ್ನುತ್ತದೆ ಎಂದು ಅವರು ಹೇಳಿದ್ದು ಈ ಲೆಕ್ಕ ಮಾಡುವಾಗ ನಾನು ಕೇಳಿದ ಮೇಲೆ.

ದುಡ್ಡು ಎಲ್ಲಿಂದ?

ನಮ್ಮ ಮನೆಯಲ್ಲಿ ಬಡ್ಡಿ ಸಾಲ ಮಾಡುವ ರೂಢಿಯಿಲ್ಲ. ಬಡ್ಡಿ ಇಲ್ಲ ಎಂದರೆ ದುಡ್ಡಿಗೆ ವೆಚ್ಚವೇ ಇಲ್ಲ ಎಂದಲ್ಲ. ಅರ್ಥಶಾಸ್ತ್ರದಲ್ಲಿ ಹೇಳುವ ಅವಕಾಶ ವೆಚ್ಚ ಆಗಲೂ ಇರುತ್ತದೆ. ಅಮ್ಮಿ ಬೀದಿಯ ಹೆಂಗಸರೊಂದಿಗೆ ಬೀಸಿ ಕಟ್ಟುತ್ತಾರೆ. 12 ಜನ, ತಿಂಗಳಿಗೆ 500 ರೂಪಾಯಿ, ಚೀಟಿ ಎತ್ತಿ ಪ್ರತಿ ತಿಂಗಳು ಒಬ್ಬರಿಗೆ 6,000. ಈ ಸಲ ಅಮ್ಮಿಯ ಸರದಿ ಬಂದಿತ್ತು. ಆ ಹಣವನ್ನು ಅವರು ಜೂನ್‌ನಲ್ಲಿ ನನ್ನ ಡಿಗ್ರಿ ಪ್ರವೇಶಕ್ಕೆಂದು ಎತ್ತಿಟ್ಟಿದ್ದರು. ಸ್ಯಾಂಡರಿನ ನಿಜವಾದ ಬೆಲೆ ಆಗ ನನಗೆ ತಿಳಿಯಿತು.

ಆದ್ದರಿಂದ ಇನ್ನೊಂದು ಲೆಕ್ಕವನ್ನೂ ಮುಚ್ಚುಮರೆಯಿಲ್ಲದೆ ಮಾಡಿ ತೋರಿಸಿದೆ. ರಿಪೇರಿಗಿಂತ ಹೊಸದಕ್ಕೆ ಈಗ ಕೈಯಿಂದ ಹೆಚ್ಚಾಗಿ ಹೋಗುವುದು 3,950. ವರ್ಷಕ್ಕೆ ಕೂಲಿಯಲ್ಲಿ ಉಳಿಯುವುದು 4,480. ಕಾಗದ ಮತ್ತು ಕರೆಂಟಿಗೆ ಹೆಚ್ಚಾಗಿ ಹೋಗುವುದು 1,866. ನಿವ್ವಳ ಉಳಿತಾಯ 2,614. ಹೆಚ್ಚಾಗಿ ಹೋದ ದುಡ್ಡು ವಾಪಸ್ ಬರಲು ಸುಮಾರು ಒಂದೂವರೆ ವರ್ಷ ಬೇಕು. ಜೂನ್‌ಗೆ ಬರುವುದಿಲ್ಲ. ಅಮ್ಮಿ ಎಲ್ಲ ಕೇಳಿಸಿಕೊಂಡು, “ಅವರ ಕೈಯೇ ಕೆಟ್ಟರೆ ಯಾವ ಕಾಲೇಜಿನ ಫೀಸು ಯಾರು ಕಟ್ಟುವುದು?” ಎಂದರು. ಸೀಜನ್‌ನಲ್ಲಿ ಉಳಿಯುವ ಕೂಲಿಯನ್ನು ಬೇರೆ ಡಬ್ಬಿಯಲ್ಲಿ ಹಾಕಿ ನನ್ನ ಪ್ರವೇಶಕ್ಕೆ ಇಡುವುದು, ಕಡಿಮೆ ಬಿದ್ದದ್ದನ್ನು ಚಾಚಾ ಕೊಡುವುದು ಎಂದು ನಿರ್ಧಾರವಾಯಿತು.

ಮರಗೆಲಸದ ಮನೆಯಿಂದ ಬಂದ ಗೆಳೆಯರಿಗೆ ಒಂದು ಮಾಹಿತಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ತರಬೇತಿಯ ಜೊತೆಗೆ ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ನೆರವು ಇದೆ. ಅದು ಸಾಲವಲ್ಲ. ಸಾಲದ ಭಾಗ ಬೇರೆಯೇ ಇದ್ದು, ಅದಕ್ಕೆ 5 ಶೇಕಡಾ ಬಡ್ಡಿ ಇದೆ. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು, ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಬಹುದು.

ನಾವು ಮಾಡಿದ್ದು

ಹೊಸದನ್ನು ಕೊಂಡೆವು. ಹಳೆಯದನ್ನು 300 ರೂಪಾಯಿಗೆ ಕೊಡಲಿಲ್ಲ, ವೈಂಡಿಂಗೂ ಮಾಡಿಸಲಿಲ್ಲ. ಮೂಲೆಗಳನ್ನು ಉಜ್ಜಲು ದಿನಕ್ಕೆ ಹತ್ತು ನಿಮಿಷ ಬೇಕಾದರೆ ಅದು ಬಿಸಿಯಾಗುವ ಮೊದಲೇ ಕೆಲಸ ಮುಗಿಯುತ್ತದೆ. ಕೈಗೂ ಅಷ್ಟು ನಡುಕ ತಟ್ಟುವುದಿಲ್ಲ. ಮೂಲೆಯ ಕೆಲಸಕ್ಕೆ ಬೇರೆ ಸಣ್ಣ ಮಷಿನ್ ಕೊಳ್ಳುವ ಖರ್ಚಿನ ಎದುರು 300 ಬಿಡುವುದು ಲಾಭ. ಪ್ರಶ್ನೆಯನ್ನು ಅದೋ ಇದೋ ಎಂದು ಕೇಳಿದ್ದರೂ ಉತ್ತರ ಎರಡರ ನಡುವೆ ಇತ್ತು.

ನಿಮ್ಮ ಮನೆಯಲ್ಲಿ ಯಾವುದೇ ಹಳೆಯ ವಸ್ತುವಿನ ಮುಂದೆ ಈ ಪ್ರಶ್ನೆ ಬಂದರೆ ಐದು ವಿಷಯ ಕೇಳಿಕೊಳ್ಳಿ. ಕೆಟ್ಟಿರುವುದು ಸವೆಯಲೆಂದೇ ಇರುವ ಭಾಗವೋ, ಮುಖ್ಯ ಭಾಗವೋ? ಈಗಾಗಲೇ ಹಾಕಿದ ದುಡ್ಡನ್ನು ಬಿಟ್ಟು ಎಣಿಸುತ್ತಿದ್ದೇನೆಯೇ? ವಸ್ತುವಿನ ಬೆಲೆಯಷ್ಟೇ ಅಲ್ಲ, ಅದು ದಿನವೂ ತಿನ್ನುವುದರ ಬೆಲೆ ಎಷ್ಟು? ಉಳಿಯುವ ಹೊತ್ತು ನಿಜವಾಗಿ ಯಾವ ಪಾವತಿಯನ್ನು ತಪ್ಪಿಸುತ್ತದೆ? ಅದನ್ನು ಹಿಡಿಯುವವರ ಮೈಗೆ ಏನಾಗುತ್ತಿದೆ? ಕೊನೆಯದನ್ನು ಅವರನ್ನೇ ಕೇಳಬೇಕು, ಏಕೆಂದರೆ ತಾವಾಗಿ ಹೇಳುವವರು ಕಡಿಮೆ.

ಈಗ ಸ್ಯಾಂಡರ್ ನೇತುಹಾಕುವ ಗೋಡೆಯ ಮೊಳೆಗೆ 40 ಪುಟದ ಒಂದು ನೋಟ್‌ಬುಕ್ ಕಟ್ಟಿದ್ದೇನೆ. ದಿನಾಂಕ, ಓಡಿದ ಗಂಟೆ, ಬಳಸಿದ ಡಿಸ್ಕ್, ಕಾರ್ಬನ್ ಬದಲಿಸಿದ ದಿನ ಎಂದು ನಾಲ್ಕು ಅಂಕಣ. ಬರೆಯುವವರು ಚಾಚಾ. ಆರು ವರ್ಷದ ನಂತರ ಇದೇ ಪ್ರಶ್ನೆ ಮತ್ತೆ ಬಂದಾಗ ಅಂದಾಜಿನ ಮೇಲೆ ವಾದ ಮಾಡಬೇಕಾಗುವುದಿಲ್ಲ, ಪುಟ ತಿರುವಿದರೆ ಸಾಕು.